ಎಂಆರ್‌ಐ ವರದಿಯಲ್ಲಿ ‘ಟಿಯರ್’ ಅಂತಿದೆಯಾ? ಮೊಣಕಾಲಿನ ಆಪರೇಷನ್‌ಗೆ ಒಪ್ಪುವ ಮುನ್ನ ಇದನ್ನು ಓದಿ

ಪುಣೆಯ ಖಡಕಿ ಎಂದರೆ ಸೈನ್ಯದ ಊರು. ಬಾಂಬೆ ಎಂಜಿನಿಯರ್ ಗ್ರೂಪ್, ಮಿಲಿಟರಿ ಆಸ್ಪತ್ರೆ, ಮದ್ದುಗುಂಡು ಕಾರ್ಖಾನೆ ಎಲ್ಲವೂ ಇಲ್ಲೇ ಇವೆ. ಓಟ, ಕವಾಯತು, ಭಾರ ಹೊರುವುದು ನಿತ್ಯದ ಕೆಲಸವಾಗಿರುವ ಕಡೆ ಮೊಣಕಾಲು ನೋವು ಅಪರೂಪವೇನಲ್ಲ. ಆದರೆ ಯೋಧನೊಬ್ಬನ ಎಂಆರ್‌ಐ ವರದಿಯ ಒಂದು ಸಾಲು ಅವನ ನೌಕರಿಯನ್ನೇ ಅಲುಗಾಡಿಸಬಹುದು. ಸೇನೆಯಲ್ಲಿ ಆರೋಗ್ಯವನ್ನು ‘ಶೇಪ್’ ಎಂಬ ವರ್ಗೀಕರಣದಲ್ಲಿ ಅಳೆಯುತ್ತಾರೆ. ಅದರಲ್ಲಿ ‘ಎ’ ಎಂದರೆ ಕೈಕಾಲು. ಅಲ್ಲಿ ದರ್ಜೆ ಇಳಿದರೆ ಪೋಸ್ಟಿಂಗ್, ಬಡ್ತಿ ಎರಡಕ್ಕೂ ತೊಡಕು.

ಹಾಗಾದರೆ ವರದಿಯಲ್ಲಿ ‘ಮೆನಿಸ್ಕಸ್ ಟಿಯರ್’ ಎಂದಿದ್ದರೆ ಆಪರೇಷನ್ ಮಾಡಿಸಲೇಬೇಕಾ? ಬಹಳಷ್ಟು ಸಲ ಬೇಕಿಲ್ಲ, ಅದರಲ್ಲೂ ನಡುವಯಸ್ಸು ದಾಟಿದವರಿಗೆ.

ತೊಡೆಮೂಳೆ ಮತ್ತು ಕಣಕಾಲಿನ ಮೂಳೆಯ ನಡುವೆ ಮೆತ್ತೆಯಂತೆ ಇರುವ ಮೃದ್ವಸ್ಥಿಯೇ ಮೆನಿಸ್ಕಸ್. ಪ್ರತಿ ಮೊಣಕಾಲಿನಲ್ಲಿ ಎರಡಿರುತ್ತವೆ. ಕೂದಲು ನೆರೆಯುವ ಹಾಗೆ ಇದೂ ವಯಸ್ಸಾದಂತೆ ಸವೆದು ಬಿರಿಯುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಮೊಣಕಾಲು ಸ್ಕ್ಯಾನ್ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬಿರುಕು ಇದ್ದವರ ಪೈಕಿ ಶೇ.61ರಷ್ಟು ಮಂದಿಗೆ ಹಿಂದಿನ ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ! ಅಂದರೆ ಸ್ಕ್ಯಾನ್‌ನಲ್ಲಿ ಕಂಡ ಬಿರುಕೇ ನೋವಿಗೆ ಕಾರಣ ಎಂದು ಹೇಳಲಾಗದು.

ಇನ್ನೂ ಅಚ್ಚರಿಯ ಫಲಿತಾಂಶ 2013ರಲ್ಲಿ ಫಿನ್ಲೆಂಡ್‌ನಿಂದ ಬಂತು. ಸವೆತದಿಂದ ಮೆನಿಸ್ಕಸ್ ಬಿರಿದಿದ್ದ 146 ರೋಗಿಗಳಿಗೆ ಕೀಲಿನೊಳಗೆ ಆರ್ತ್ರೋಸ್ಕೋಪ್ ಹಾಕಿ ನೋಡಲಾಯಿತು. ಕೆಲವರಿಗೆ ಬಿರಿದ ಭಾಗವನ್ನು ಕತ್ತರಿಸಿ ತೆಗೆದರು, ಉಳಿದವರಿಗೆ ತೆಗೆದಂತೆ ನಟಿಸಿದರಷ್ಟೇ. ಯಾರಿಗೆ ಏನಾಯಿತು ಎಂಬುದು ರೋಗಿಗಳಿಗೆ ಗೊತ್ತಿರಲಿಲ್ಲ. ವರ್ಷದ ಬಳಿಕ ಎರಡೂ ಗುಂಪಿನವರ ಚೇತರಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ತಜ್ಞರ ಮಾರ್ಗಸೂಚಿ, ಸವೆತದ ಮೊಣಕಾಲಿಗೆ ಇಂಥ ಕೀಹೋಲ್ ಆಪರೇಷನ್ ಬೇಡ ಎಂದೇ ಹೇಳಿತು.

ಆಟದಲ್ಲೋ ತರಬೇತಿಯಲ್ಲೋ ಕಾಲು ತಿರುಚಿ ಎಸಿಎಲ್ ಲಿಗಮೆಂಟ್ ಹರಿದ ಯುವಕರ ಕಥೆ ಬೇರೆ. ಆದರೂ ಅವರೆಲ್ಲರಿಗೂ ತಕ್ಷಣ ಚಾಕು ಬೇಕಿಲ್ಲ. ಸ್ವೀಡನ್‌ನ 2010ರ ಅಧ್ಯಯನದಲ್ಲಿ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂದು ನಿಗದಿಯಾಗಿದ್ದ 59 ಮಂದಿಯಲ್ಲಿ ಎರಡು ವರ್ಷದೊಳಗೆ ಲಿಗಮೆಂಟ್ ಆಪರೇಷನ್ ಮಾಡಿಸಿಕೊಂಡವರು 23. ಉಳಿದ 36 ಮಂದಿಗೆ ಅದರ ಅಗತ್ಯ ಬರಲಿಲ್ಲ. ಹಾಗೆಂದು ಎಲ್ಲರೂ ಕಾಯಬಹುದು ಎಂದಲ್ಲ. 2022ರ ಡಿಸೆಂಬರ್‌ನ ಕಾರು ಅಪಘಾತದ ನಂತರ ಕ್ರಿಕೆಟಿಗ ರಿಷಭ್ ಪಂತ್‌ಗೆ ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆ ಮಾಡಲೇಬೇಕಾಯಿತು. ಮೈದಾನಕ್ಕೆ ಮರಳಿದ್ದು 2024ರ ಐಪಿಎಲ್‌ನಲ್ಲಿ.

ಮೊಣಕಾಲು ಲಾಕ್ ಆಗಿ ನೇರ ಮಾಡಲು ಬರದಿದ್ದರೆ, ನಡೆಯುವಾಗ ಪದೇ ಪದೇ ಕುಸಿದರೆ ತಡಮಾಡದೆ ಮೂಳೆ ತಜ್ಞರನ್ನು ಕಾಣಬೇಕು. ಜ್ವರದ ಜತೆಗೆ ಕೀಲು ಊದಿಕೊಂಡು ಬಿಸಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಅದು ಸೋಂಕಿರಬಹುದು.

ಉಳಿದವರು ವೈದ್ಯರಿಗೆ ಎರಡು ಪ್ರಶ್ನೆ ಕೇಳಲು ಹಿಂಜರಿಯಬೇಡಿ: ನನ್ನ ನೋವಿರುವ ಜಾಗಕ್ಕೂ ಸ್ಕ್ಯಾನ್‌ನಲ್ಲಿ ಕಂಡ ಬಿರುಕಿಗೂ ತಾಳೆಯಾಗುತ್ತಿದೆಯೇ? ಮೂರು ತಿಂಗಳು ಫಿಸಿಯೋಥೆರಪಿ ಮಾಡಿ ನೋಡಿದರೆ ನಷ್ಟವೇನು? ಕಾಲನ್ನು ಮುಟ್ಟಿ, ಮಡಚಿ, ತಿರುಗಿಸಿ ನೋಡದೆ ಬರೀ ಫಿಲ್ಮ್ ನೋಡಿ ಆಪರೇಷನ್‌ಗೆ ದಿನ ಗೊತ್ತುಮಾಡಿದರೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.