ನಿಮಗಿದು ಗೊತ್ತೇ? ಬ್ಲ್ಯಾಕ್‌ಜಾಕ್ ಮೇಜಿನ ಪಣದ ಲೆಕ್ಕ

● ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಎಣಿಸುವವರು ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ. ಅವರ ತಲೆಯಲ್ಲಿರುವುದು ಒಂದೇ ಸಂಖ್ಯೆ. ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡಿಸಬೇಕು; ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. ಏಳು, ಎಂಟು, ಒಂಬತ್ತು ಲೆಕ್ಕಕ್ಕಿಲ್ಲ. ಈ ಪದ್ಧತಿಯ ಹೆಸರು ಹೈ-ಲೋ.

● ದೊಡ್ಡ ಎಲೆಗಳು ಹೆಚ್ಚು ಉಳಿದಷ್ಟೂ ಆಟಗಾರನಿಗೆ ಅನುಕೂಲ. ಕೈಯಲ್ಲಿ 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡೀಲರ್ ಇನ್ನೊಂದು ಎಲೆ ಎತ್ತಲೇಬೇಕು. ಆಗ 21 ದಾಟಿ ಸೋಲುವ ಸಂಭವ ಏರುತ್ತದೆ. ಎಕ್ಕಕ್ಕೆ ಹತ್ತು ಜೊತೆಯಾಗುವ (ಆ ಕೈಗೂ ಬ್ಲ್ಯಾಕ್‌ಜಾಕ್ ಎಂದೇ ಹೆಸರು) ಅದೃಷ್ಟ ಇಬ್ಬರಿಗೂ ಸಮವೇ, ಆದರೆ ಅದಕ್ಕೆ ಒಂದೂವರೆ ಪಟ್ಟು ಹಣ ಸಿಗುವುದು ಆಟಗಾರನಿಗೆ ಮಾತ್ರ.

● ಎಣಿಕೆ +6 ಬಂದಿತೆಂದು ಹಿಗ್ಗುವಂತಿಲ್ಲ. ಇನ್ನೂ ಆರು ಕಟ್ಟು ಎಲೆ ಉಳಿದಿದ್ದರೆ ಅದರ ನಿಜವಾದ ಬೆಲೆ, ಅಂದರೆ ‘ನಿಜ ಎಣಿಕೆ’, +1. ಎರಡೇ ಕಟ್ಟು ಉಳಿದಿದ್ದರೆ +3. ಚೆನ್ನಾಗಿ ಆಡುವವರ ವಿರುದ್ಧವೂ ಕ್ಯಾಸಿನೊಗೆ ಸುಮಾರು ಶೇ. 0.5ರ ಮೇಲುಗೈ ಇರುತ್ತದೆ. ನಿಜ ಎಣಿಕೆ ಒಂದೊಂದು ಏರಿದಾಗ ಆಟಗಾರನ ಕಡೆಗೆ ವಾಲುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ +1ರಲ್ಲಿ ಸಮಬಲ, +3ರಲ್ಲಿ ಶೇ. 1ರ ಲಾಭ. ಇಷ್ಟು ತೆಳ್ಳಗಿನ ಲಾಭವನ್ನು ದುಡ್ಡಾಗಿಸುವುದು ಎಣಿಕೆಯಲ್ಲ, ಪಣ: ಎಣಿಕೆ ಇಳಿದಾಗ ಕನಿಷ್ಠ, ಏರಿದಾಗ ಹೆಚ್ಚು.

● ಎಲೆ ಎಣಿಸಿ ಗೆಲ್ಲಬಹುದೆಂದು ಗಣಿತದಿಂದ ಸಾಧಿಸಿ ತೋರಿದವರು ಅಮೆರಿಕದ ಎಡ್ವರ್ಡ್ ಥಾರ್ಪ್. ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 1962ರಲ್ಲಿ ‘ಬೀಟ್ ದ ಡೀಲರ್’ ಪುಸ್ತಕ ಪ್ರಕಟಿಸಿದರು.

● ಎಣಿಕೆ ಏರಿದಾಗ ಹೆಚ್ಚು ಪಣ ಎಂದರೆ ಎಷ್ಟು? ಉತ್ತರ ಬಂದದ್ದು ಟೆಲಿಫೋನ್ ಸಂಶೋಧನೆಯ ಮನೆಯಿಂದ! ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರವನ್ನೇ ಥಾರ್ಪ್ ಮೇಜಿಗೆ ತಂದರು. ಗಂಟಿನಲ್ಲಿ 10,000 ಡಾಲರ್ ಇದ್ದು ಲಾಭ ಶೇ. 1 ಇದ್ದರೆ, ಆಟದ ಏರಿಳಿತವನ್ನೂ ಸೇರಿಸಿ ಸೂತ್ರ ಹೇಳುವ ಪಣ ಸುಮಾರು 77 ಡಾಲರ್. ಅಷ್ಟೇ!

● ಆ ಪಣವೂ ಎದೆ ನಡುಗಿಸುವಂಥದ್ದು. ಕೆಲ್ಲಿ ಹೇಳಿದಷ್ಟೂ ಕಟ್ಟುತ್ತ ಹೋದರೆ, ಗಂಟು ಎಂದಾದರೊಮ್ಮೆ ಅರ್ಧಕ್ಕಿಳಿಯುವ ಸಂಭವ ಎರಡರಲ್ಲಿ ಒಂದು. ಅದರ ಅರ್ಧ ಕಟ್ಟಿದರೆ ಎಂಟರಲ್ಲಿ ಒಂದು; ಗಂಟು ಬೆಳೆಯುವ ವೇಗ ಮಾತ್ರ ಮುಕ್ಕಾಲು ಪಾಲು ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದಕ್ಕಿಂತ ಚೆಂದದ ಲೆಕ್ಕ ಇಲ್ಲ. ದುರಾಸೆಯಿಂದ ಎರಡರಷ್ಟು ಕಟ್ಟಿದರೆ ಬೆಳವಣಿಗೆ ಸೊನ್ನೆ.

● ಸೋತಾಗಲೆಲ್ಲ ಪಣ ದುಪ್ಪಟ್ಟು ಮಾಡುವ ಹಳೆಯ ಉಪಾಯಕ್ಕೂ ಕೆಲ್ಲಿ ಸೂತ್ರಕ್ಕೂ ಸಂಬಂಧವಿಲ್ಲ. 10 ಡಾಲರ್‌ನಿಂದ ಶುರುಮಾಡಿ ಸಾಲಾಗಿ ಎಂಟು ಸಲ ಸೋತರೆ ಹೋಗುವುದು 2,550 ಡಾಲರ್. ಮುಂದಿನ ಪಣ 2,560. ಗೆದ್ದರೂ ಕೊನೆಗೆ ಉಳಿಯುವ ಲಾಭ ಬರೀ 10!

● ಬರೀ ತಲೆಯಲ್ಲಿ ಎಣಿಸುವುದು ಅಮೆರಿಕದ ನೆವಾಡಾದಲ್ಲಿ ಅಪರಾಧವಲ್ಲ. ಯಂತ್ರದ ನೆರವು ಪಡೆದರೆ ಅಪರಾಧ. ಆ ಕಾನೂನು ಬಂದದ್ದು 1985ರಲ್ಲಿ. ಎಣಿಸುವವರನ್ನು ಕ್ಯಾಸಿನೊ ಹೊರಹಾಕುವಂತಿಲ್ಲ ಎಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ಎಲೆ ಎಣಿಸುವ ಆಟಗಾರ ಕೆನ್ ಅಸ್ಟನ್ ಪರವಾಗಿ ತೀರ್ಪಿತ್ತಿತು.

● ಈಗ ಹಲವು ಮೇಜುಗಳಲ್ಲಿ ಬ್ಲ್ಯಾಕ್‌ಜಾಕ್‌ಗೆ 3:2 ಬದಲು 6:5 ಕೊಡುತ್ತಾರೆ. ಈ ಒಂದೇ ಬದಲಾವಣೆಯಿಂದ ಕ್ಯಾಸಿನೊದ ಮೇಲುಗೈ ಸುಮಾರು ಶೇ. 1.4 ಏರುತ್ತದೆ. ಮೇಜಿನ ಬಟ್ಟೆಯ ಮೇಲೆ 6:5 ಎಂದು ಅಚ್ಚಾಗಿದ್ದರೆ ದಯವಿಟ್ಟು ಅಲ್ಲಿ ಕೂರಬೇಡಿ.