ಕಲ್ಲಚ್ಚಿನಿಂದ ಹೊರಟ ಸಮಾಚಾರ

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ 1843ನೆಯ ಇಸವಿ ಜುಲೈ 1ನೆಯ ತಾರೀಖಿನಿಂದಲೇ ತೊಡಗುತ್ತಾರೆ. ಆ ದಿನ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಿದ್ದಿತು. ಕರ್ನಾಟಕದಲ್ಲಿ ಇಂದಿಗೂ ಅದೇ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ, ಭಾಷಣಗಳಾಗುತ್ತವೆ, ಹಾರತುರಾಯಿಗಳಾಗುತ್ತವೆ. ಆದರೆ ಆ ಪತ್ರಿಕೆ ತನ್ನ ಊರಿನಲ್ಲಿ ಬಾಳಿದ್ದು ಎಷ್ಟು ಕಾಲ, ಊರನ್ನು ಬಿಟ್ಟು ಹೋದುದೇಕೆ ಎಂದು ವಿಚಾರಿಸುವವರು ವಿರಳ.

ಸಂಪಾದಕರಾದ ಹರ್ಮನ್ ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1811ರಲ್ಲಿ ಹುಟ್ಟಿ, ಟ್ಯೂಬಿಂಗನ್ನಿನಲ್ಲಿ ಓದಿ, 1836ರಲ್ಲಿ ಮಂಗಳೂರಿಗೆ ಬಂದರು. ಮರುವರ್ಷವೇ ಸುಳ್ಯದ ಕಡೆಯಿಂದ ಎದ್ದ ಬಂಡಾಯಗಾರರು ಕುಂಪಣಿ ಸರಕಾರದ ಈ ಊರನ್ನು ಹೊಕ್ಕು, ಕೆಲವು ದಿನಗಳ ಕಾಲ ತಮ್ಮ ಕೈಯಲ್ಲಿರಿಸಿಕೊಂಡಿದ್ದರು. ಅಂತಹ ದಿನಗಳಲ್ಲಿ ಸುದ್ದಿಯೆಂಬುದು ಬಾಯಿಂದ ಬಾಯಿಗೆ, ಸಂತೆಯಿಂದ ಸಂತೆಗೆ ಹಾರುತ್ತ, ಹಾರಿದಂತೆಲ್ಲ ರೆಕ್ಕೆಪುಕ್ಕ ಕಟ್ಟಿಕೊಳ್ಳುತ್ತಿದ್ದಿರಬೇಕು. ಕೇಳಿದ್ದು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಿ ನೋಡಲು ಜನರ ಕೈಯಲ್ಲಿ ಕನ್ನಡದ ಒಂದು ಹಾಳೆಯೂ ಇರಲಿಲ್ಲ. ಬಂಗಾಳಿಯಲ್ಲಿ ‘ಸಮಾಚಾರ ದರ್ಪಣ’ ಹೊರಟು (1818) ಕಾಲು ಶತಮಾನವೇ ಕಳೆದಿತ್ತು.

ಪತ್ರಿಕೆ ಹದಿನೈದು ದಿನಗಳಿಗೊಮ್ಮೆ ಬರುತ್ತಿತ್ತು. ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಅಚ್ಚರಿಯ ಸಂಗತಿಗಳು, ನೀತಿಯ ಮಾತು, ಕಥೆ, ಹಾಡು ಎಲ್ಲಕ್ಕೂ ಅದರಲ್ಲಿ ಎಡೆಯಿತ್ತು. ಹೊರತಂದವರು ಮತಪ್ರಚಾರಕ್ಕೆಂದೇ ಬಂದವರು ಎಂಬುದನ್ನು ಮರೆಯಬೇಕಾಗಿಲ್ಲ, ಮರೆಮಾಡಬೇಕಾಗಿಯೂ ಇಲ್ಲ. ಆದರೂ ಬರಿಯ ಉಪದೇಶವೇ ಅವರ ಗುರಿಯಾಗಿದ್ದರೆ ಕರಪತ್ರಗಳು ಸಾಕಾಗಿದ್ದವು. ಸರಕಾರದ ನಿರೂಪವನ್ನೂ ದೂರದೇಶದ ವಾರ್ತೆಯನ್ನೂ ಓದುಗನ ಮುಂದಿಡುವ ಶ್ರಮವೇಕೆ? ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಊರಿನಲ್ಲಿ ಕನ್ನಡವು ಹೆಚ್ಚಾಗಿ ಓದುಬರಹದ ಭಾಷೆಯಾಗಿತ್ತು. ಅಂತಹ ಊರಿನಲ್ಲೇ ಮೊದಲ ಕನ್ನಡ ಪತ್ರಿಕೆ ಹುಟ್ಟಿತೆಂಬುದು, ಕನ್ನಡದ ನಾಡೆಂದರೆ ಮನೆಮಾತಿನ ಗಡಿಯೆಂದು ಎಣಿಸುವವರು ಸ್ವಲ್ಪ ಯೋಚಿಸಬೇಕಾದ ಸಂಗತಿ.

ಕಲ್ಲಚ್ಚಿನ ಬಗೆಯನ್ನು ಇಂದಿನ ವಿದ್ಯಾರ್ಥಿಗಳಿಗೆ ತುಸು ವಿವರಿಸಬೇಕು. ಮ್ಯೂನಿಕ್ಕಿನ ಸೆನೆಫೆಲ್ಡರ್ ಎಂಬಾತನು 1796ರ ಸುಮಾರಿಗೆ ಕಂಡುಹಿಡಿದ ವಿದ್ಯೆ ಅದು. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡುತ್ತಾರೆ. ಬರೆಯದ ಭಾಗ ನೀರನ್ನು ಹಿಡಿದುಕೊಳ್ಳುತ್ತದೆ. ಬರೆದ ಭಾಗ ನೀರನ್ನು ದೂಡಿ, ಮೇಲೆ ಉರುಳಿಸಿದ ಮಸಿಯನ್ನು ಮಾತ್ರ ಹಿಡಿಯುತ್ತದೆ. ಕಾಗದವನ್ನಿಟ್ಟು ಒತ್ತಿದರೆ ಪ್ರತಿ ಸಿದ್ಧ. ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಕನ್ನಡಿಯಲ್ಲಿ ಕಂಡಂತೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಬೇಕು. ಇಲ್ಲವೆ, ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಬೇಕು. ಅಕ್ಷರ ಎರಕ ಹೊಯ್ಯುವ ಗೋಜಿಲ್ಲ; ಒತ್ತು, ಕೊಂಬು, ದೀರ್ಘಗಳಿಗೆ ಬೇರೆ ಬೇರೆ ಮೊಳೆಗಳು ಬೇಕಿಲ್ಲ. ಆದುದರಿಂದಲೇ ನಮ್ಮ ಮೊದಲ ಪತ್ರಿಕೆ ಅಚ್ಚಾಗಿದ್ದರೂ ಕೈಬರಹವೇ ಆಗಿತ್ತು. ಓಲೆಗರಿಯ ಲಿಪಿಕಾರನಿಗೂ ಅದಕ್ಕೂ ನಂಟು ಕಡಿದಿರಲಿಲ್ಲ.

ಆ ಕಲ್ಲೇ ಅದಕ್ಕೆ ಮಿತಿಯೂ ಆಯಿತೆಂದು ತೋರುತ್ತದೆ. ಪ್ರತಿ ಸಂಚಿಕೆಯನ್ನೂ ಹೊಸದಾಗಿ ಕೈಯಲ್ಲಿ ಬರೆಯಬೇಕು, ಉಜ್ಜಿ ಅಳಿಸಬೇಕು, ಮತ್ತೆ ಬರೆಯಬೇಕು. ಅತ್ತ ಬಳ್ಳಾರಿಯಲ್ಲಿ ಮೊಳೆಯಚ್ಚಿನ ಅನುಕೂಲವಿತ್ತು. ಎಂಟು ತಿಂಗಳ ಬಳಿಕ, 1844ರ ಮಾರ್ಚಿಯಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆಯಿತು. ಹೆಸರಿನ ಬದಲಾವಣೆ ಸಣ್ಣದಲ್ಲ: ಊರಿನ ಹೆಸರು ಬಿದ್ದುಹೋಗಿ ನುಡಿಯ ಹೆಸರು ಬಂದಿತು. ಮಂಗಳೂರು ಕಳೆದುಕೊಂಡುದನ್ನು ಕನ್ನಡ ಪಡೆಯಿತೆಂದು ಸಮಾಧಾನ ಹೇಳಬಹುದು. ಆದರೆ ಸ್ವಂತ ಊರಿನ ಸುದ್ದಿಯನ್ನು ಹೇಳಲೆಂದು ಹುಟ್ಟಿದ ಪತ್ರಿಕೆಗೆ ಊರೇ ತಪ್ಪಿದುದು ನಷ್ಟವೇ ಸರಿ.

ಮೋಗ್ಲಿಂಗರು ಸುಮ್ಮನೆ ಕುಳಿತವರಲ್ಲ. 1848ರಿಂದ ಮುಂದೆ, ಮದರಾಸಿನ ಕ್ಯಾಸಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ, ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಕೃತಿಗಳನ್ನು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅದೇ ಕಲ್ಲಚ್ಚಿನಿಂದ ಹೊರತಂದರು. ಸುದ್ದಿಗೆ ಸಾಲದೆ ಬಂದ ಕಲ್ಲು ಕಾವ್ಯಕ್ಕೆ ಒದಗಿಬಂದಿತು. ಕಾವ್ಯಕ್ಕೆ ಪಾಪ, ಅವಸರವಿಲ್ಲವಷ್ಟೆ! ನೆರೆಯ ತಲಚೇರಿಯಲ್ಲಿ ಅವರ ಗೆಳೆಯ ಗುಂಡರ್ಟರು 1847ರಲ್ಲಿ ‘ರಾಜ್ಯಸಮಾಚಾರಂ’ ಎಂಬ ಮಲಯಾಳ ಪತ್ರಿಕೆಯನ್ನು ಆರಂಭಿಸಿದರು.

ಮುಂದೆ ಇದೇ ಜಿಲ್ಲೆಯಲ್ಲಿ ‘ಸ್ವದೇಶಾಭಿಮಾನಿ’, ಕಡೆಂಗೋಡ್ಲು ಶಂಕರಭಟ್ಟರ ‘ರಾಷ್ಟ್ರಬಂಧು’, ‘ನವಭಾರತ’ ಮೊದಲಾದ ಪತ್ರಿಕೆಗಳು ಬಂದವು. ಅವುಗಳ ಕಥೆಯೇ ಬೇರೆ. ಮಂಗಳೂರಿನ ಮಿಶನ್ ಮುದ್ರಣಾಲಯಕ್ಕೆ ಕನ್ನಡದ ಮೊಳೆಗಳು 1851ರಲ್ಲಿ ಬಂದವು. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದುದು ಆ ಮುದ್ರಣಾಲಯದಲ್ಲಿಯೇ. ಆ ಮೊಳೆಗಳಿಗಾಗಿ ಊರು ಬಿಟ್ಟುಹೋದ ಪತ್ರಿಕೆ ಬಳ್ಳಾರಿಯ ದಾರಿ ಹಿಡಿದು ಅಷ್ಟರಲ್ಲಿ ಏಳು ವರ್ಷಗಳಾಗಿದ್ದವು.