ನೊಣದ ವಂಶಕ್ಕೆ ಕರೆಯದೆ ಬಂದ ನೆಂಟ

ಮಿತಿಮೀರಿ ಮಾಗಿದ ಬಾಳೆಹಣ್ಣಿನ ಚಿಪ್ಪೊಂದು ಎರಡು ದಿನ ಮೂಲೆಯಲ್ಲಿ ಉಳಿದರೆ ಸಾಕು, ಎಳ್ಳುಕಾಳಿನ ಗಾತ್ರದ ನೊಣಗಳು ಎಲ್ಲಿಂದಲೋ ಬಂದು ಮುತ್ತಿಕೊಳ್ಳುತ್ತವೆ. ಗೃಹಿಣಿಯರು ಸೆರಗು ಬೀಸಿ ಓಡಿಸುವ ಈ ಅಲ್ಪಜೀವಿಗಳ ಬಳಗದಲ್ಲಿ ಡ್ರಾಸಾಫಿಲಾ ಮೆಲನೊಗ್ಯಾಸ್ಟರ್ ಎಂಬುದೊಂದು ಜಾತಿ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ನರು 1910ರಲ್ಲಿ ಈ ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನ ಗಂಡೊಂದನ್ನು ಕಂಡರು. ಅಂದಿನಿಂದ ಆನುವಂಶಿಕ ಶಾಸ್ತ್ರದ ಬಹುಭಾಗ ಹಾಲಿನ ಬಾಟಲಿಗಳಲ್ಲಿ ಸಾಕಿದ ಈ ನೊಣದ ಮೇಲೆಯೇ ಬೆಳೆಯಿತೆನ್ನಬಹುದು.

ಬಾಟಲಿಯಲ್ಲಿ ದಶಕಗಟ್ಟಲೆ ವಂಶ ಬೆಳೆಸಿದ ಇಂತಹ ಹೆಣ್ಣುಗಳಿಗೆ, ಹೊರಗೆ ತೋಟದಲ್ಲಿ ಹಿಡಿದು ತಂದ ಗಂಡುಗಳನ್ನು ಜೊತೆಗೂಡಿಸಿದಾಗ ಒಂದು ವಿಚಿತ್ರ ಸಂಗತಿ ಕಾಣಬಂದಿತು. ಹುಟ್ಟಿದ ಮಕ್ಕಳು ನೋಡಲು ಆರೋಗ್ಯವಾಗಿಯೇ ಇದ್ದುವು. ಆದರೆ ಬೆಚ್ಚನೆಯ ಹವೆಯಲ್ಲಿ ಬೆಳೆದವುಗಳಲ್ಲಿ ಸಂತಾನಾಂಗಗಳು ಮುರುಟಿಹೋಗಿದ್ದುವು. ಹೇಗೋ ಮರಿಮಾಡಿದವುಗಳ ಸಂತತಿಯಲ್ಲಿ ಹೊಸಹೊಸ ವಿಕೃತಿಗಳು. ವರ್ಣತಂತುಗಳೇ ತುಂಡಾಗಿ ಅಡ್ಡಾದಿಡ್ಡಿ ಕೂಡಿಕೊಂಡ ಉದಾಹರಣೆಗಳೂ ಉಂಟು. ಸಂಬಂಧವನ್ನು ತಿರುವಿ, ತೋಟದ ಹೆಣ್ಣಿಗೆ ಬಾಟಲಿಯ ಗಂಡನ್ನು ತಂದರೆ ಯಾವ ಕೇಡೂ ಇಲ್ಲ! ಗಂಡು ಹೊರಗಿನದಾದರೆ ವಂಶನಾಶ, ಹೆಣ್ಣು ಹೊರಗಿನದಾದರೆ ಕ್ಷೇಮ. ಮೆಂಡಲನ ನಿಯಮಗಳಲ್ಲಿ ಇಂತಹ ಪಕ್ಷಪಾತಕ್ಕೆ ಎಡೆಯೇ ಇಲ್ಲ. ಮಾರ್ಗರೆಟ್ ಕಿಡ್ವೆಲ್ ಎಂಬ ವಿದುಷಿಯೂ ಅವರ ಜೊತೆಗಾರರೂ 1977ರಲ್ಲಿ ಈ ವ್ಯಾಧಿಗೆ ಸಂಕರ ವಿಕೃತಿಯೆಂಬ ಅರ್ಥದ ಹೆಸರನ್ನಿತ್ತರು.

ಅಪರಾಧಿ ಸಿಕ್ಕಿದ್ದು 1982ರಲ್ಲಿ. ಅದು ರೋಗಾಣುವಲ್ಲ, ವಿಷವಲ್ಲ, ನೊಣದ ಡಿ.ಎನ್.ಎ.ಯೊಳಗೆ ಅಡಗಿದ್ದ, ಕೇವಲ 2907 ಅಕ್ಷರಗಳಷ್ಟು ಉದ್ದದ ಒಂದು ತುಣುಕು. ಅದಕ್ಕೆ 'ಪಿ' ಧಾತುವೆಂದು ಹೆಸರು. ತನ್ನನ್ನು ಇದ್ದ ಸ್ಥಳದಿಂದ ಕಿತ್ತು ಬೇರೊಂದೆಡೆ ನಾಟುವ ಕಿಣ್ವವನ್ನು ತಯಾರಿಸುವುದು ಹೇಗೆ ಎಂಬುದಿಷ್ಟೇ ಅದರಲ್ಲಿ ಬರೆದಿದೆ. ಬೇರೊಂದು ಜೀನಿನ ನಡುವೆ ಹೋಗಿ ಕುಳಿತರೆ ಆ ಜೀನು ಕೆಟ್ಟಂತೆಯೇ. ಇದರ ಜಾಣತನವನ್ನು ನೋಡಿ: ನೊಣದ ರೆಕ್ಕೆ, ಕಾಲು, ಹೊಟ್ಟೆಗಳ ಕೋಶಗಳಲ್ಲಿ ಅದು ಮಿಸುಕದೆ ಕುಳಿತಿರುತ್ತದೆ. ಅಲ್ಲಿ ಜಿಗಿದು ಪ್ರಯೋಜನವೇನು? ಮುಂದಿನ ಪೀಳಿಗೆಗೆ ಹೋಗುವ ಬೀಜಕೋಶಗಳಲ್ಲಿ ಮಾತ್ರವೇ ಅದರ ಕುಣಿತ.

ಇಂತಹ ಜಿಗಿಯುವ ಧಾತುಗಳನ್ನು ಮೊದಲು ಕಂಡವರು ಬಾರ್ಬರಾ ಮೆಕ್‌ಕ್ಲಿಂಟಾಕ್, 1940ರ ದಶಕದಲ್ಲಿ, ಮುಸುಕಿನ ಜೋಳದ ಬಣ್ಣಬಣ್ಣದ ಕಾಳುಗಳನ್ನು ಪರೀಕ್ಷಿಸುತ್ತ. ಅದರ ಮಹತ್ವವನ್ನು ಆಗ ಅರಿತವರು ಕೆಲವರೇ. ನೊಬೆಲ್ ಪಾರಿತೋಷಕ ಬಂದಾಗ, 1983ರಲ್ಲಿ, ಆಕೆಗೆ 81 ವರ್ಷ. ಮಾರ್ಗನ್ನರ ಆ ಪ್ರಸಿದ್ಧ ಬಿಳಿಗಣ್ಣೂ ಇಂತಹದೇ ಮತ್ತೊಂದು ಧಾತುವಿನ ಕೈವಾಡವೆಂಬುದು ಸುಮಾರು ಎಂಟು ದಶಕಗಳ ಬಳಿಕ ತಿಳಿಯಿತು. ಪಾಪ, ಅವರೇ ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಆದರೆ ತೋಟದ ನೊಣದಲ್ಲಿರುವ 'ಪಿ' ಬಾಟಲಿಯ ನೊಣದಲ್ಲೇಕಿಲ್ಲ? ಬಾಟಲಿಯ ವಾಸದಲ್ಲಿ ಅದು ಕಳೆದುಹೋಗಿರಬೇಕೆಂದು ಕೆಲವರು ವಾದಿಸಿದರು. ಕಿಡ್ವೆಲ್ಲರು ಬೇರೆ ಬೇರೆ ಕಾಲಗಳಲ್ಲಿ ಹಿಡಿದಿಟ್ಟ ನೊಣಗಳ ವಂಶಗಳನ್ನೆಲ್ಲ ಪರೀಕ್ಷಿಸಿದಾಗ ಬೇರೆಯೇ ಕಥೆ ಹೊರಬಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಿಡಿದವುಗಳಲ್ಲಿ 'ಪಿ' ಇಲ್ಲ, ಈಚಿನವುಗಳಲ್ಲಿ ಉಂಟು. ಬಾಟಲಿಯ ನೊಣಗಳು ಏನನ್ನೂ ಕಳೆದುಕೊಂಡಿರಲಿಲ್ಲ. ಅವು ಸೆರೆಯಲ್ಲಿದ್ದಾಗ ಹೊರಗಿನ ಲೋಕವೇ ಬದಲಾಗಿಹೋಗಿತ್ತು! ನಾಲ್ಕೈದು ದಶಕಗಳೊಳಗೆ ಭೂಮಂಡಲದ ನೊಣಸಂಕುಲವನ್ನೆಲ್ಲ ಈ ಧಾತು ವ್ಯಾಪಿಸಿತ್ತು. ದಶಕಗಳ ಕಾಲ ಬಾಟಲಿಯಿಂದ ಬಾಟಲಿಗೆ ನೊಣಗಳನ್ನು ವರ್ಗಾಯಿಸುತ್ತ ಆ ಹಳೆಯ ವಂಶಗಳನ್ನು ಕಾಪಾಡಿಬಂದ ಹೆಸರಿಲ್ಲದ ಸಹಾಯಕರು ಇಲ್ಲದಿದ್ದರೆ ಈ ಸಾಕ್ಷ್ಯವೇ ಉಳಿಯುತ್ತಿರಲಿಲ್ಲ. ಈ ಲೇಖಕನ ಮಟ್ಟಿಗೆ ಕಥೆಯ ನಿಜವಾದ ನಾಯಕರು ಅವರೇ.

ಬಂದುದೆಲ್ಲಿಂದ? ಅಮೆರಿಕದ ಉಷ್ಣಪ್ರದೇಶಗಳ ಡ್ರಾಸಾಫಿಲಾ ವಿಲ್ಲಿಸ್ಟೋನಿ ಎಂಬ ನೊಣದಲ್ಲಿ ಇದೇ ಧಾತು ದೊರೆಯಿತು. 2907 ಅಕ್ಷರಗಳಲ್ಲಿ ವ್ಯತ್ಯಾಸ ಒಂದೇ ಒಂದು. ಈ ಎರಡು ಜಾತಿಗಳು ಕೋಟ್ಯಂತರ ವರ್ಷಗಳ ಹಿಂದೆಯೇ ಕವಲೊಡೆದವು. ಅವುಗಳ ನಡುವೆ ಕೊಡುಕೊಳ್ಳುವ ಸಂಬಂಧ ಸಾಧ್ಯವೇ ಇಲ್ಲ. ಒಂದರ ಮೊಟ್ಟೆಯ ರಸ ಹೀರಿ ಇನ್ನೊಂದರ ಮೊಟ್ಟೆಗೆ ಬಾಯಿಹಾಕುವ ನುಸಿಯೊಂದು ಈ ಸಾಗಾಣಿಕೆ ನಡೆಸಿರಬಹುದೆಂದು 1991ರಲ್ಲಿ ಸಂಶೋಧಕರು ಬೊಟ್ಟುಮಾಡಿದರು. ಸಂಶಯ ಬಲವಾದುದು, ಆದರೆ ಕಳ್ಳನನ್ನು ಕೈಯಲ್ಲಿ ಮಾಲಿರುವಾಗ ಹಿಡಿದವರಿಲ್ಲ.

ಇಷ್ಟಾದರೂ ತೋಟದ ನೊಣಗಳು ನಿರ್ವಂಶವಾಗಲಿಲ್ಲವೇಕೆ? ತಾಯಿನೊಣವು ಮೊಟ್ಟೆಯೊಳಗೆ ಮಗುವಿಗೆಂದು ಬುತ್ತಿ ಕಟ್ಟಿಡುವಾಗ ಆಹಾರದ ಜೊತೆಗೆ ಪುಟ್ಟ ಆರ್.ಎನ್.ಎ. ಎಳೆಗಳನ್ನೂ ಇಡುತ್ತದೆ. 'ಪಿ'ಯ ಗುರುತು ಹಿಡಿದು ಅದರ ಬಾಯಿ ಕಟ್ಟುವ ಕಾವಲುಗಾರರಿವು. ತೋಟದ ತಾಯಿಯ ಬಳಿ ಈ ಬುತ್ತಿಯುಂಟು. 'ಪಿ'ಯನ್ನೇ ಕಾಣದ ಬಾಟಲಿಯ ತಾಯಿಯ ಬಳಿ ಇಲ್ಲ. ತಂದೆಯ ವೀರ್ಯಾಣುವಿನಲ್ಲಿ ಧಾತು ಬರುತ್ತದೆ, ಕಾವಲು ಬರುವುದಿಲ್ಲ. ಹಿಂದಿನ ಪಕ್ಷಪಾತದ ಒಗಟು ಹೀಗೆ 2008ರಲ್ಲಿ ಬಿಡಿಸಿತು.

ಜಿಗಿತವೆಲ್ಲ ಕೇಡೇ ಎನ್ನುವಂತಿಲ್ಲ. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳ ಮಸಿ ಕವಿದ ಕಾಲದಲ್ಲಿ ಬಿಳಿಯ ಚುಕ್ಕೆಪತಂಗಗಳ ನಡುವೆ ಕರಿಯವು ಹೆಚ್ಚಿದ ವೃತ್ತಾಂತ ಪಾಠಪುಸ್ತಕಗಳಲ್ಲಿದೆ. ಆ ಕಪ್ಪುಬಣ್ಣಕ್ಕೆ ಕಾರಣ ಜಿಗಿಯುವ ಧಾತುವೊಂದೆಂದು 2016ರಲ್ಲಿ ಸಿದ್ಧವಾಯಿತು. 'ಪಿ'ಯನ್ನೇ ಬಂಡಿಯಾಗಿಸಿ, ಬೇಕಾದ ಜೀನನ್ನು ಅದರಲ್ಲೇರಿಸಿ ನೊಣದೊಳಗೆ ಕಳುಹಿಸುವ ವಿದ್ಯೆಯನ್ನು ರೂಬಿನ್ ಮತ್ತು ಸ್ಪ್ರಾಡ್ಲಿಂಗ್ 1982ರಲ್ಲೇ ಸಾಧಿಸಿದರು.

ನೆಂಟನ ಸಂಚಾರ ಇನ್ನೂ ಮುಗಿದಿಲ್ಲ. ಡ್ರಾಸಾಫಿಲಾ ಸಿಮುಲನ್ಸ್ ಎಂಬ ದಾಯಾದಿ ಜಾತಿಯಲ್ಲಿಯೂ 'ಪಿ' ಕಾಲಿರಿಸಿದೆಯೆಂಬ ವರದಿ 2015ರಲ್ಲಿ ಪ್ರಕಟವಾಯಿತು. ಈ ಸಲ ವಿಜ್ಞಾನಿಗಳು ಆಕ್ರಮಣವನ್ನು ಕಣ್ಣೆದುರಿನಲ್ಲಿಯೇ ನೋಡಿದರು: ಬಿಸಿಹವೆಯಲ್ಲಿ ಸಾಕಿದ ಸಿಮುಲನ್ಸ್ ನೊಣಗಳಲ್ಲಿ 'ಪಿ' ಭರದಿಂದ ಹೆಚ್ಚಿ, 20 ತಲೆಮಾರುಗಳೊಳಗಾಗಿ ಕಾವಲುಗಾರ ಎಳೆಗಳೂ ಹುಟ್ಟಿಕೊಂಡು ಅದರ ಹರಡುವಿಕೆ ನಿಂತಿತು.